ಎರಡೂವರೆ ವರ್ಷದ ಮಗ ಹಾಲಿನ ಬಾಟ್ಲಿ ಬಿಡ್ತಿಲ್ಲ, ಏನು ಮಾಡಲಿ?

ಓದುಗರ ಪ್ರಶ್ನೆಗೆ ಮಕ್ಕಳ ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲೆ ಇವೆ. ಮಗು ಓಡಾಡುತ್ತದೆ, ಪಟಪಟ ಮಾತಾಡುತ್ತದೆ, ಆದರೆ ಕೂಸಿದ್ದಾಗಿನ ಒಂದು ಅಭ್ಯಾಸ ಮಾತ್ರ ಬಿಡುತ್ತಿಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಿಂದ ಬಂದ ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನ್ನ ಮಗನಿಗೆ ಎರಡೂವರೆ ವರ್ಷ. ದಿನಕ್ಕೆ ನಾಲ್ಕೈದು ಬಾಟ್ಲಿ ಹಾಲು ಬೇಕೇ ಬೇಕು. ರಾತ್ರಿ ಬಾಟ್ಲಿ ಬಾಯಲ್ಲಿಟ್ಟುಕೊಂಡೇ ಮಲಗುತ್ತಾನೆ, ನಡುರಾತ್ರಿ ಎದ್ದು ಮತ್ತೆ ಕೇಳುತ್ತಾನೆ. ರೊಟ್ಟಿ, ಅನ್ನ ಮುಟ್ಟುವುದಿಲ್ಲ. ಮೇಲಿನ ಮುಂದಿನ ಹಲ್ಲು ಕಂದಾಗಿವೆ. ನಮ್ಮತ್ತೆ "ಬಾಟ್ಲಿ ಒಗದಬಿಡು, ಎರಡ ದಿನ ಅತ್ತು ಸುಮ್ನಾಗ್ತಾನ" ಅಂತಾರೆ. ನನಗೆ ಧೈರ್ಯ ಬರ್ತಿಲ್ಲ.
– ಜಮಖಂಡಿಯ ತಾಯಿ

ಉತ್ತರ: ತಂಗಿ, ಮೊದಲು ಹಲ್ಲಿನ ಮಾತು. ಅದು ಮುಂದೆ ನೋಡೋಣ ಅನ್ನುವ ವಿಷಯವಲ್ಲ. ಎಚ್ಚರ ಇದ್ದಾಗ ಬಾಯಲ್ಲಿ ಜೊಲ್ಲು ಬರುತ್ತಲೇ ಇರುತ್ತದೆ, ಹಲ್ಲನ್ನು ತೊಳೆಯುತ್ತಿರುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ. ಬಾಟ್ಲಿ ಬಾಯಲ್ಲೇ ಇದ್ದರೆ ಹಾಲು ಮೇಲಿನ ಹಲ್ಲುಗಳ ಸುತ್ತ ನಿಲ್ಲುತ್ತದೆ. ಬಾಯಲ್ಲಿರುವ ಬ್ಯಾಕ್ಟೀರಿಯಾ ಆ ಹಾಲಿನ ಸಕ್ಕರೆ ತಿಂದು ಆಮ್ಲ ಮಾಡುತ್ತವೆ, ಹಲ್ಲು ಕರಗುತ್ತಾ ಹೋಗುತ್ತದೆ. ಕೆಳಗಿನ ಮುಂದಿನ ಹಲ್ಲುಗಳಿಗೆ ನಾಲಿಗೆ ಅಡ್ಡ ಇರುತ್ತದೆ, ಅದಕ್ಕೇ ಅವು ಉಳಿಯುತ್ತವೆ. ಮಗನ ತುಟಿ ಎತ್ತಿ ಬೆಳಕಿನಲ್ಲಿ ನೋಡಿ. ಮೇಲಿನ ನಾಲ್ಕು ಕಂದಾಗಿ, ಕೆಳಗಿನವು ಬೆಳ್ಳಗೇ ಇದ್ದರೆ ಇದು ಬಾಟ್ಲಿಯ ಕೆಲಸವೇ ಇರಬೇಕು. "ಹಾಲುಹಲ್ಲು ತಾನೆ, ಹೆಂಗೂ ಬೀಳ್ತಾವ" ಅಂತ ಬಿಡಬೇಡಿ. ಮುಂದಿನವು ಆರೇಳು ವರ್ಷದವರೆಗೆ ಬೇಕು, ದವಡೆ ಹಲ್ಲು ಹತ್ತು-ಹನ್ನೆರಡರವರೆಗೆ ಬೇಕು. ಈ ವಾರವೇ ಹಲ್ಲಿನ ಡಾಕ್ಟರಿಗೆ ತೋರಿಸಿ. ಹಾಲಿಗೆ ಸಕ್ಕರೆ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ.

ಇನ್ನು ರೊಟ್ಟಿ ಮುಟ್ಟುವುದಿಲ್ಲ ಅಂದಿರಿ. ನಾಲ್ಕೈದು ಬಾಟ್ಲಿ ಹಾಲು ಹೋದ ಹೊಟ್ಟೆಯಲ್ಲಿ ರೊಟ್ಟಿಗೆ ಜಾಗ ಎಲ್ಲಿದೆ? ಈ ವಯಸ್ಸಿಗೆ ದಿನಕ್ಕೆ 400ರಿಂದ 500 ಮಿ.ಲೀ. ಹಾಲು ಸಾಕು. ಹಸುವಿನ ಹಾಲಾಗಲಿ ಎಮ್ಮೆಯ ಹಾಲಾಗಲಿ, ಅದರಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ಜೊತೆಗೆ ಹಾಲಿನ ಕ್ಯಾಲ್ಸಿಯಂ ಬೇರೆ ಊಟದ ಕಬ್ಬಿಣಾಂಶವನ್ನೂ ಪೂರ್ತಿ ಮೈಗೆ ಹತ್ತಲು ಬಿಡುವುದಿಲ್ಲ. ಬರೀ ಹಾಲು ಕುಡಿದು ದುಂಡಗೆ ಕಾಣುವ ಮಗುವಿಗೂ ರಕ್ತ ಕಡಿಮೆ ಇರುವುದು ಹೀಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಇದೆ. ನಿಮ್ಮ ಮಗನ ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ. ಆಶಾ ಕಾರ್ಯಕರ್ತೆಯ ಹತ್ತಿರ ಈ ವಯಸ್ಸಿನ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಕೊಡುವ ಕಬ್ಬಿಣಾಂಶದ ಸಿರಪ್ ಇರುತ್ತದೆ, ಕೇಳಿ ಪಡೆಯಿರಿ.

ಈಗ ಬಿಡಿಸುವ ದಾರಿ. ನಿಮ್ಮತ್ತೆಯವರು ಹೇಳಿದ್ದರಲ್ಲಿ ಒಂದು ಮಾತು ಸರಿ ಇದೆ. ನಿಲ್ಲಿಸಿದ ಬಾಟ್ಲಿಯನ್ನು ಅಳು ನೋಡಿ ಮತ್ತೆ ಹೊರಗೆ ತೆಗೆಯಬಾರದು. ಆದರೆ ಎಲ್ಲವನ್ನೂ ಒಂದೇ ದಿನ ನಿಲ್ಲಿಸಬೇಕಿಲ್ಲ. ಅವನಿಗೆ ಹಗಲಿನ ಬಾಟ್ಲಿ ಬೇರೆ, ರಾತ್ರಿಯ ಬಾಟ್ಲಿ ಬೇರೆ. ಹಗಲಿನದು ಹೊಟ್ಟೆಗೆ, ಬೇಜಾರು ಕಳೆಯಲಿಕ್ಕೆ. ರಾತ್ರಿಯದು ನಿದ್ದೆಗೆ. ನಿದ್ದೆ ಹತ್ತಲು ಬೇರೊಂದು ದಾರಿ ಕಲಿಸದೆ ಕಿತ್ತುಕೊಂಡರೆ ಅಳದೆ ಇನ್ನೇನು ಮಾಡುತ್ತಾನೆ ಪಾಪ?

ಹಾಗಾಗಿ ಹಗಲಿನದರಿಂದ ಶುರು ಮಾಡಿ. ಅವನ ಎರಡೂ ಕೈಗೆ ಸಿಗುವಂಥ ಸಣ್ಣ ಸ್ಟೀಲ್ ವಾಟಗ ಒಂದನ್ನು ಅವನಿಗಂತಲೇ ಇಡಿ. ಅವನೇ ಅಂಗಡಿಯಲ್ಲಿ ಆರಿಸಿದರೆ ಇನ್ನೂ ಒಳ್ಳೆಯದು. ತುಂಬಾ ಹಾಕಬೇಡಿ, ತಳದಲ್ಲಿ ಎರಡು ಬೆರಳಿನಷ್ಟು ಹಾಲು ಸಾಕು. ನೆಲದ ಮೇಲೆ ಹಳೆಯ ಟವೆಲ್ ಹಾಸಿ ಕೂರಿಸಿ. ಮೊದಲೆರಡು ದಿನ ಅರ್ಧ ಹಾಲು ಗಲ್ಲದ ಮೇಲೆ, ಅಂಗಿಯ ಮೇಲೆ ಹೋಗುತ್ತದೆ. ಹೋಗಲಿ. ಮುಗಿಸಿ ವಾಟಗ ಬೋರಲು ಹಾಕಿ ತೋರಿಸಿದಾಗ ಚಪ್ಪಾಳೆ ಹೊಡೆಯಿರಿ, ಇನ್ನೆರಡು ಬೆರಳು ಹಾಕಿ. ಇದೆಲ್ಲ ಊಟ ಆದ ಮೇಲೆ, ಊಟಕ್ಕೆ ಮೊದಲಲ್ಲ. ಹಸಿವಾದಾಗ ಹಾಲಲ್ಲಿ ಕಿವುಚಿದ ರೊಟ್ಟಿ, ಮೆತ್ತಗೆ ಬೇಯಿಸಿದ ಹೆಸರುಕಾಳು, ಪಾಲಕ್ ಬೇಳೆ, ತತ್ತಿ ತಿನ್ನುವವರಾದರೆ ತತ್ತಿ. ಕಾಳಿನ ಮೇಲೆ ನಾಲ್ಕು ಹನಿ ಲಿಂಬೆ ಹಿಂಡಿದರೆ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಚಾ ಮಾತ್ರ ಬೇಡ. ಬಿಸ್ಕೀಟು ಅದ್ದಿ ಕೊಡುವ ಚಾ ಕೂಡ ಬೇಡ, ಅದು ಕಬ್ಬಿಣಾಂಶವನ್ನು ತಡೆಯುತ್ತದೆ. ಸಿಪ್ಪರ್ ಕೊಳ್ಳುವ ಅಗತ್ಯವಿಲ್ಲ. ಚೀಪಿ ಕುಡಿಯುವ ಸಿಪ್ಪರ್ ಇನ್ನೊಂದು ಬಾಟ್ಲಿಯೇ.

ಹಗಲು ಸರಿಹೋದ ಮೇಲೆ ನಡುರಾತ್ರಿಯದು. ಅದರಲ್ಲಿ ದಿನ ದಿನಕ್ಕೆ ಹಾಲು ಕಡಿಮೆ ಮಾಡಿ, ನೀರು ಜಾಸ್ತಿ ಮಾಡಿ. ವಾರ-ಹತ್ತು ದಿನದಲ್ಲಿ ಬರೀ ನೀರಾಗುತ್ತದೆ. ಬರೀ ನೀರಿಗೆ ಏಳುವ ಮಕ್ಕಳು ಕಡಿಮೆ. ಎದ್ದರೆ ವಾಟಗದಲ್ಲೇ ಕೊಡಿ. ಮಲಗುವಾಗಿನದು ಕೊನೆಗೆ. ಊಟ, ಕೂತು ಕುಡಿಯುವ ಹಾಲು, ಹಲ್ಲುಜ್ಜುವುದು, ಆಮೇಲೆ ಹಾಸಿಗೆ. ಇದೇ ಸಾಲು, ದಿನಾ. ಫ್ಲೋರೈಡ್ ಇರುವ ಪೇಸ್ಟು ಅಕ್ಕಿಕಾಳಿನಷ್ಟು ಸಾಕು, ಮೂರು ವರ್ಷ ದಾಟಿದ ಮೇಲೆ ಬಟಾಣಿಯಷ್ಟು. ಹಾಸಿಗೆಯಲ್ಲಿ ಬೆನ್ನು ತಟ್ಟಿ, ಜೋಗುಳ ಹಾಡಿ, ಕಥೆ ಹೇಳಿ. ಮೊದಲೆರಡು-ಮೂರು ರಾತ್ರಿ ಅಳುತ್ತಾನೆ. ನೀವು ಪಕ್ಕದಲ್ಲೇ ಇರಿ. ಅವನನ್ನು ಒಬ್ಬನೇ ಬಿಟ್ಟು ಅಳಿಸುವುದಕ್ಕೂ ನಿಮ್ಮ ತೋಳಿನಲ್ಲಿ ಅವನು ಅಳುವುದಕ್ಕೂ ಬಹಳ ವ್ಯತ್ಯಾಸ ಇದೆ.

ಇನ್ನೂ ಸಣ್ಣ ಕೂಸಿರುವ ತಾಯಂದಿರಿಗೆ ಒಂದು ಮಾತು. ಆರು ತಿಂಗಳಾದ ಕೂಸಿಗೇ ವಾಟಗದಲ್ಲಿ ಗುಟುಕು ನೀರು ಕಲಿಸಬಹುದು. ಬಾಟ್ಲಿ ರೂಢಿಯಾಗಿದ್ದರೆ ಒಂದರಿಂದ ಒಂದೂವರೆ ವರ್ಷದೊಳಗೆ ಬಿಡಿಸಿ. ಹಾಲಿನ ಬಾಟ್ಲಿಯ ಜಾಹೀರಾತನ್ನೇ ನಮ್ಮ ದೇಶದಲ್ಲಿ 1992ರ ಕಾಯ್ದೆ ನಿಷೇಧಿಸಿದೆ. ಎದೆಹಾಲಿನ ಮಾತು ಬೇರೆ. ಅದನ್ನು ಎರಡು ವರ್ಷ ಮತ್ತು ಆಮೇಲೂ ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಪ್ರಶ್ನೆ: ಮೊಮ್ಮಗಳಿಗೆ ಮೂರು ವರ್ಷ ಎಂಟು ತಿಂಗಳು. ಹೆಬ್ಬೆರಳು ಚೀಪೋದು ಬಿಡವಲ್ಲಳು. ಬೇವಿನ ಎಣ್ಣೆ ಹಚ್ಚಿ ನೋಡಿದೆ, ಒರೆಸಿಕೊಂಡು ಮತ್ತೆ ಚೀಪುತ್ತಾಳೆ. ಓಣಿಯವರು ಖಾರ ಹಚ್ಚು ಅಂತಾರೆ. ಹಚ್ಚಬಹುದಾ?
– ಗೋಕಾಕದ ಅಜ್ಜಿ

ಉತ್ತರ: ಅಜ್ಜಿ, ಎರಡೂ ಬೇಡ. ಬೇವಿನ ಎಣ್ಣೆಯನ್ನು ಇವತ್ತಿನಿಂದಲೇ ನಿಲ್ಲಿಸಿ, ಶೀಶೆಯನ್ನು ಕೈಗೆ ಸಿಗದ ಕಡೆ ಇಡಿ. ಬೇವು ನಮ್ಮ ಮನೆಯ ಗಿಡ, ಯುಗಾದಿಗೆ ತಿನ್ನುತ್ತೇವೆ, ಅದರಿಂದ ಏನಾಗುತ್ತದೆ ಅಂತ ಅನಿಸಬಹುದು. ಆದರೆ ಎಲೆ, ಹೂವು ಬೇರೆ. ಬೀಜದ ಎಣ್ಣೆ ಬೇರೆ. ಸಣ್ಣ ಮಕ್ಕಳ ಹೊಟ್ಟೆಗೆ ಒಂದು ಚಮಚದಷ್ಟು ಬೇವಿನ ಎಣ್ಣೆ ಹೋಗಿ ವಾಂತಿ, ಫಿಟ್ಸ್ ಬಂದು ಪ್ರಜ್ಞೆ ತಪ್ಪಿದ್ದು, ಜೀವ ಹೋದದ್ದೂ ವೈದ್ಯಕೀಯ ವರದಿಗಳಲ್ಲಿ ದಾಖಲಾಗಿದೆ. ನೀವು ಹಚ್ಚಿದ್ದು ಸ್ವಲ್ಪವೇ, ಗಾಬರಿ ಬೇಡ. ಆದರೆ ಬಾಯಿಗೇ ಹೋಗುವ ಬೆರಳಿಗೆ ದಿನಾ ಹಚ್ಚುವ ಪದಾರ್ಥ ಅದಲ್ಲ. ಇನ್ನು ಖಾರ ಹಚ್ಚಿದ ಬೆರಳು ಬಾಯಿಗಷ್ಟೇ ಅಲ್ಲ, ಕಣ್ಣಿಗೂ ಹೋಗುತ್ತದೆ.

ಬೆರಳು ಚೀಪುವ ಹೆಚ್ಚಿನ ಮಕ್ಕಳು ಎರಡರಿಂದ ನಾಲ್ಕು ವರ್ಷದೊಳಗೆ ತಾವೇ ಬಿಡುತ್ತಾರೆ. ಮೊಮ್ಮಗಳು ಆ ಅವಧಿಯೊಳಗೇ ಇದ್ದಾಳೆ. ಯಾವಾಗ ಚೀಪುತ್ತಾಳೆ ಅಂತ ಸುಮ್ನೆ ಒಂದು ವಾರ ಗಮನಿಸಿ. ಟಿವಿ ಮುಂದೆಯಾ, ನಿದ್ದೆ ಬಂದಾಗಲಾ, ಹೊಸಬರು ಮನೆಗೆ ಬಂದಾಗಲಾ? ಟಿವಿ ಮುಂದೆ ಅಂತಾದರೆ ಟಿವಿ ಕಡಿಮೆ ಮಾಡಿ, ಕೈಗೆ ಕೆಲಸ ಕೊಡಿ. ನೀವು ರೊಟ್ಟಿ ಬಡಿಯುವಾಗ ಒಲೆಯಿಂದ ದೂರ ಕೂರಿಸಿ ಒಂದು ಉಂಡೆ ಹಿಟ್ಟು ಕೊಡಿ, ಅವಳದೂ ಒಂದು ರೊಟ್ಟಿ ಆಗಲಿ. ಹಿಟ್ಟು ಮೆತ್ತಿದ ಬೆರಳು ಬಾಯಿಗೆ ಹೋಗುವುದು ಕಡಿಮೆ. ನಿದ್ದೆ ಹತ್ತುವಾಗ ಚೀಪಿದರೆ ಈಗ ಬಿಟ್ಟುಬಿಡಿ. "ಛೀ, ನಾಚಿಕಿ ಆಗೂದಿಲ್ಲೇನು" ಅಂತ ಬಂದವರ ಮುಂದೆ ಅನ್ನಬೇಡಿ. ನಾಚಿಕೆ ಪಟ್ಟ ಮಗು ಸಮಾಧಾನಕ್ಕೆ ಮತ್ತೆ ಬೆರಳನ್ನೇ ಹುಡುಕುತ್ತದೆ.

ನಾಲ್ಕು ದಾಟಿದರೂ ಬಿಡದೆ ಜೋರಾಗಿ ಚೀಪುತ್ತಿದ್ದರೆ, ಮೇಲಿನ ಹಲ್ಲು ಮುಂದೆ ಬರುತ್ತಿದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಆರು ವರ್ಷದ ಸುಮಾರಿಗೆ ಕಾಯಂ ಹಲ್ಲು ಬರುವ ಮೊದಲು ಅಭ್ಯಾಸ ನಿಂತರೆ ಸಾಮಾನ್ಯವಾಗಿ ಹಲ್ಲಿನ ಸಾಲು ತಾನೇ ಸರಿಹೋಗುತ್ತದೆ.

ಪ್ರಶ್ನೆ: ಮಗಳಿಗೆ ಮೂರು ವರ್ಷ ಆಗ್ತಾ ಬಂತು. ದಿನವಿಡೀ ಡೈಪರ್. ಜೂನ್‌ನಲ್ಲಿ ನರ್ಸರಿಗೆ ಹಾಕಬೇಕು, ಅಲ್ಲಿ ಡೈಪರ್ ನಡೆಯಲ್ಲ ಅಂದಿದ್ದಾರೆ. ಎಲ್ಲಿಂದ ಶುರು ಮಾಡಲಿ?
– ವಿಜಯಪುರದ ತಾಯಿ

ಉತ್ತರ: ಏಪ್ರಿಲ್-ಮೇ ತಿಂಗಳು ಇದಕ್ಕೆ ಹೇಳಿ ಮಾಡಿಸಿದ ಕಾಲ. ನಿಮ್ಮೂರಿನ ಬಿಸಿಲಿಗೆ ಒಗೆದ ಚಡ್ಡಿ ಬೇಗ ಒಣಗುತ್ತದೆ. ಆ ಸೆಕೆಯಲ್ಲಿ ಡೈಪರ್‌ನಿಂದ ತೊಡೆ ಸಂದಿಯೆಲ್ಲ ಕೆಂಪಗಾಗುವುದೂ ತಪ್ಪುತ್ತದೆ.

ಎರಡು ತಾಸು ಚಡ್ಡಿ ಒಣಗಿರುತ್ತದಾ, ಬಂದದ್ದು ಅವಳಿಗೆ ಗೊತ್ತಾಗುತ್ತದಾ, ಚಡ್ಡಿ ತಾನೇ ಕೆಳಗೆ ಎಳೆಯುತ್ತಾಳಾ ನೋಡಿ. ಹೌದಾದರೆ ಹಗಲಿನ ಡೈಪರ್ ಒಂದೇ ಸಲ ತೆಗೆಯಿರಿ. ಮನೆಯಲ್ಲಿ ಚಡ್ಡಿ, ಹೊರಗೆ ಹೋದರೆ ಡೈಪರ್ ಅಂತ ದಿನಕ್ಕೊಂದು ನಿಯಮ ಮಾಡಿದರೆ ಮಗುವಿಗೆ ತಿಳಿಯುವುದಿಲ್ಲ. ಜಿಪ್ಪು, ಗುಂಡಿ ಇಲ್ಲದ ಇಲಾಸ್ಟಿಕ್ ಚಡ್ಡಿ ಹಾಕಿ. ಎದ್ದ ಕೂಡಲೇ, ಊಟ ಆದ ಮೇಲೆ, ಮಲಗುವ ಮೊದಲು ಕೂರಿಸಿ. ಊಟವಾದ ಹತ್ತು-ಇಪ್ಪತ್ತು ನಿಮಿಷಕ್ಕೆ ಕರುಳು ತಾನಾಗಿ ಚಲಿಸುತ್ತದೆ, ಎರಡಕ್ಕೆ ಅದೇ ಒಳ್ಳೆಯ ಹೊತ್ತು. ಐದು ನಿಮಿಷಕ್ಕಿಂತ ಜಾಸ್ತಿ ಕೂರಿಸಬೇಡಿ.

ದೊಡ್ಡವರ ಸಂಡಾಸಿನ ಗುಂಡಿ ನೋಡಿದರೆ ಎಷ್ಟೋ ಮಕ್ಕಳಿಗೆ ಒಳಗೆ ಬೀಳುತ್ತೇನೆ ಅನ್ನುವ ಭಯ. ನೆಲದ ಮೇಲಿಡುವ ಸಣ್ಣ ಪಾಟಿಯಲ್ಲಿ ಶುರು ಮಾಡಿ. ಕಮೋಡ್ ಆದರೆ ಕಾಲು ಜೋತಾಡದ ಹಾಗೆ ಕೆಳಗೆ ಸ್ಟೂಲ್ ಇಡಿ. ಮಲ ಗಟ್ಟಿಯಾಗಿ ನೋವಾಗುತ್ತಿದ್ದರೆ ಮೊದಲು ಅದಕ್ಕೆ ಔಷಧಿ ಮಾಡಿಸಿ, ಕಲಿಸುವುದು ಆಮೇಲೆ. ಒಮ್ಮೆ ನೋವು ತಿಂದ ಮಗು ತಡೆದಿಟ್ಟುಕೊಳ್ಳುತ್ತದೆ, ತಡೆದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಹೆಣ್ಣುಮಗು, ಮುಂದಿನಿಂದ ಹಿಂದಕ್ಕೆ ತೊಳೆಯಬೇಕು ಅಂತ ಈಗಲೇ ರೂಢಿ ಮಾಡಿಸಿ. ಮನೆಯಲ್ಲಿ "ಉಚ್ಚಿ" ಅನ್ನುತ್ತೀರೋ "ಒಂದಕ್ಕ" ಅನ್ನುತ್ತೀರೋ, ಟೀಚರಿಗೆ ಹೇಳಿಟ್ಟಿರಿ.

ನಡುವೆ ಚಡ್ಡಿ ಒದ್ದೆಯಾದರೆ ಬೈಯಬೇಡಿ, ಬದಲಿಸಿ ಅಷ್ಟೇ. ರಾತ್ರಿಯ ಮಾತು ಬೇರೆ. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳು ಹಾಸಿಗೆ ಒದ್ದೆ ಮಾಡುತ್ತಾರೆ. ಅಪ್ಪನಿಗೋ ಅಮ್ಮನಿಗೋ ಚಿಕ್ಕಂದಿನಲ್ಲಿ ಇದ್ದಿದ್ದರೆ ಮಕ್ಕಳಿಗೂ ಬರುವುದು ಜಾಸ್ತಿ. ಅದು ಮಗುವಿನ ಹಟವಲ್ಲ. ನರ್ಸರಿಗೆ ಹಗಲು ಒಣಗಿದ್ದರೆ ಸಾಕು.

ಪ್ರಶ್ನೆ: ನಮ್ಮ ಅವ್ವ ತನ್ನ ಹಳೆಯ ಇಳಕಲ್ ಸೀರೆ ಹಾಕಿ ಕೌದಿ ಹೊಲಿದು ಕೊಟ್ಟಿದ್ದಳು. ನಾಲ್ಕು ವರ್ಷದ ಮಗಳು ಅದನ್ನು ಬಿಟ್ಟು ಮಲಗುವುದೇ ಇಲ್ಲ, ಊರಿಗೆ ಹೋದರೂ ಬೇಕು. ಬಿಡಿಸುವುದು ಹೇಗೆ?
– ಹುನಗುಂದದ ತಾಯಿ

ಉತ್ತರ: ಯಾಕೆ ಬಿಡಿಸಬೇಕು? ಹಲ್ಲಿಗೆ ತೊಂದರೆ ಇಲ್ಲ, ಊಟಕ್ಕೆ ತೊಂದರೆ ಇಲ್ಲ. ಅಜ್ಜಿಯ ಸೀರೆ ಹಿಡಿದು ನಿದ್ದೆ ಹೋಗುವ ಮಗು ಚೆನ್ನಾಗೇ ಇದೆ. ಶಾಲೆಗೆ ಒಯ್ಯುವುದು ಬೇಡ, ಮನೆಯಲ್ಲಿ ಕೌದಿ ನಿನಗಾಗಿ ಕಾಯುತ್ತದೆ ಅಂತ ಹೇಳಿ ಕಳಿಸಿ. ಆದರೆ ಒಗೆಯುವುದು ದೊಡ್ಡ ಜಗಳ ಅಲ್ವಾ? ನಿಮ್ಮ ಅವ್ವನ ಹತ್ತಿರ ಅದೇ ಸೀರೆಯ ತುಂಡು ಉಳಿದಿದ್ದರೆ ಇನ್ನೊಂದು ಸಣ್ಣ ಕೌದಿ ಹೊಲಿಸಿಕೊಳ್ಳಿ. ಒಂದು ಒಣಗುವಾಗ ಇನ್ನೊಂದು ಕೈಯಲ್ಲಿರುತ್ತದೆ.

ಪ್ರಶ್ನೆ: ನಮಗೆ ಎರಡು ತಿಂಗಳ ಹಿಂದೆ ಎರಡನೇ ಕೂಸು ಆಯಿತು. ಮೂರೂವರೆ ವರ್ಷದ ದೊಡ್ಡ ಮಗ ಈಗ ತೊದಲು ಮಾತಾಡ್ತಾನೆ, ತೊಟ್ಟಿಲಲ್ಲಿ ಮಲಗಿಸು ಅಂತಾನೆ, ಎದೆಹಾಲು ಬೇಕು ಅಂತ ಹಟ ಮಾಡ್ತಾನೆ. ಚಡ್ಡಿಯಲ್ಲಿ ಮಾಡಿಕೊಳ್ಳೋದು ಬಿಟ್ಟಿದ್ದ, ಈಗ ಮತ್ತೆ ಶುರು. ಬೇಕಂತಲೇ ಮಾಡ್ತಿದ್ದಾನಾ?
– ಅಥಣಿಯ ತಂದೆ

ಉತ್ತರ: ಇಲ್ಲ. ಅವನ ಕಣ್ಣಿಂದ ನೋಡಿ. ಅವ್ವ ತವರಿಗೆ ಹೋದಳು, ಬಾಣಂತನ ಮುಗಿಸಿ ಬರುವಾಗ ತೊಡೆಯ ಮೇಲೆ ಬೇರೆಯವರು ಕೂತಿದ್ದಾರೆ. ತೊಟ್ಟಿಲ ಕಾರ್ಯಕ್ಕೆ ಬಂದವರೆಲ್ಲ ಕೂಸಿಗೆ ಕುಂಚಿಗೆ, ಬೆಳ್ಳಿ ಕಡಗ ತಂದರು. ಇವನನ್ನು "ನೀ ಈಗ ದೊಡ್ಡಾವ ಆದಿ, ಶಾಣ್ಯಾ ಆಗಬೇಕು" ಅಂದರು. ಕೂಸಾಗಿದ್ದರೆ ಎತ್ತಿಕೊಳ್ಳುತ್ತಾರೆ ಅಂತ ಅವನಿಗೆ ಅನಿಸಿದರೆ ತಪ್ಪೇನಿದೆ?

ತೊಟ್ಟಿಲಲ್ಲಿ ಹಾಕು ಅಂದರೆ ತೊಡೆಯ ಮೇಲೆ ಮಲಗಿಸಿ ಎರಡು ನಿಮಿಷ ತೂಗಿ, "ನೀನೂ ಇಷ್ಟೇ ಇದ್ದಿ" ಅಂತ ಅವನ ಹಳೆಯ ಫೋಟೋ ತೋರಿಸಿ. ಎದೆಹಾಲು ಕೇಳಿದಾಗ ಗದರಬೇಡಿ. ಬಾಯಿಟ್ಟು ನೋಡಿದರೂ ಹೆಚ್ಚಿನ ಮಕ್ಕಳು ಒಂದೆರಡು ಸಲಕ್ಕೆ ಬಿಡುತ್ತಾರೆ. ಬೇಡ ಅನಿಸಿದರೆ ಅವನ ಅವ್ವ ತಬ್ಬಿಕೊಂಡು ಅವನ ವಾಟಗದಲ್ಲಿ ಹಾಲು ಕೊಡಲಿ. ತೊದಲು ಮಾತಿಗೆ ನೀವು ಸರಿಯಾದ ಮಾತಲ್ಲೇ ಉತ್ತರ ಕೊಡಿ, ತಿದ್ದಲು ಹೋಗಬೇಡಿ.

ಇಲ್ಲಿ ನಿಮ್ಮ ಕೆಲಸ ಜಾಸ್ತಿ ಇದೆ. ಬಾಣಂತಿಗೆ ಸುಸ್ತು, ಕೂಸಿಗೆ ತಾಸಿಗೊಮ್ಮೆ ಹಾಲು. ಹಾಗಾಗಿ ಕೂಸನ್ನು ನೀವು ಎತ್ತಿಕೊಳ್ಳಿ, ದಿನಕ್ಕೆ ಹದಿನೈದು ನಿಮಿಷವಾದರೂ ಅವ್ವ ಪೂರ್ತಿ ಅವನವಳಾಗಿರಲಿ. ಮನೆಗೆ ಬಂದವರಿಗೆ ಮೊದಲು ಅವನನ್ನೇ ಮಾತಾಡಿಸಿ ಅಂತ ಹೇಳಿ. ದುಪಟಿ ತಂದುಕೊಡುವುದು, ಕೂಸಿನ ಅಂಗಿ ಆರಿಸುವುದು ಅವನ ಪಾಲಿಗಿರಲಿ, ಆದರೆ ಒತ್ತಾಯ ಬೇಡ. ಅವನನ್ನೂ ಕೂಸನ್ನೂ ಇಬ್ಬರನ್ನೇ ಬಿಟ್ಟು ಹೋಗಬೇಡಿ. ಚಡ್ಡಿ ಒದ್ದೆಯಾದದ್ದಕ್ಕೆ ಸದ್ದು ಮಾಡದೆ ಬದಲಿಸಿ. ಇಷ್ಟು ಮಾಡಿದರೆ ಹೆಚ್ಚಾಗಿ ಕೆಲವು ವಾರದಲ್ಲಿ ಮೊದಲಿನಂತಾಗುತ್ತಾನೆ.

ಒಂದನ್ನು ಮಾತ್ರ ಮರೆಯಬೇಡಿ. ಒದ್ದೆ ಮಾಡಿಕೊಳ್ಳುವುದು ನಿಂತ ಮಗುವಿಗೆ ಮತ್ತೆ ಶುರುವಾದಾಗ ಎಲ್ಲವನ್ನೂ ಹೊಸ ಕೂಸಿನ ಮೇಲೆ ಹಾಕಿ ಕೂರಬಾರದು. ಉರಿ, ಜ್ವರ, ಹೊಟ್ಟೆನೋವು ಇದ್ದರೆ ಮೂತ್ರ ಪರೀಕ್ಷೆ ಮಾಡಿಸಿ. ಮಗ ವಿಪರೀತ ನೀರು ಕೇಳುತ್ತಿದ್ದರೆ, ಪದೇ ಪದೇ ಮೂತ್ರಕ್ಕೆ ಹೋಗುತ್ತಿದ್ದರೆ, ಉಣ್ಣುತ್ತಿದ್ದರೂ ತೂಕ ಇಳಿಯುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ದು ರಕ್ತದ ಸಕ್ಕರೆ ನೋಡಿಸಿ. ಇಷ್ಟು ಸಣ್ಣ ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತದೆ, ಅದರಲ್ಲಿ ಎರಡು ದಿನ ತಡವಾದರೂ ಅಪಾಯ.