ಸ್ವಾಯತ್ತ ಕಾಲೇಜಿನಲ್ಲಿ ಪ್ರಾಂಶುಪಾಲರು ಒಪ್ಪಿದರೆ ಜೂನ್‌ನಿಂದಲೇ ಹೊಸ ಪತ್ರಿಕೆ (ಪದವಿಯ ಪಠ್ಯವಿಷಯ) ಶುರು ಮಾಡಬಹುದೇ?

“ಕಾಲೇಜು ಸ್ವಾಯತ್ತ, ಪ್ರಾಂಶುಪಾಲರು ಹೂಂ ಅಂದಿದ್ದಾರೆ, ಇನ್ನು ವಿಶ್ವವಿದ್ಯಾಲಯವನ್ನು ಕೇಳುವುದೇನಿದೆ?” ಮಾರ್ಚ್‌ನಲ್ಲಿ, ಅಧ್ಯಯನ ಮಂಡಳಿಯ ಸಭೆಯೂ ಆಗುವ ಮೊದಲೇ, ನೀವು ಕೇಳಿದ್ದು ಇದು. 2019ರಲ್ಲಿ ಹೊಸದಾಗಿ ವಿಭಾಗದ ಮುಖ್ಯಸ್ಥನಾದಾಗ ನಾನೂ ಇದೇ ಮಾತಾಡಿದ್ದೆ. ನಾನು ತರಹೊರಟ ಐಚ್ಛಿಕ ಪತ್ರಿಕೆಯ ಪಠ್ಯಕ್ರಮದಲ್ಲಿ ಒಂದು ತಪ್ಪೂ ಇರಲಿಲ್ಲ. ಅದು ಬಿದ್ದದ್ದು ಅದನ್ನು ಒಪ್ಪಿದ ಸಭೆಯ ಹಾಜರಿ ಪುಟದಲ್ಲಿ.

ಆಗ ಜಾರಿಯಲ್ಲಿದ್ದ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿಯ ಪ್ರಕಾರ, ವಿಭಾಗದ ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಗೆ, ಅಂದರೆ ನಾವೆಲ್ಲ ಬಿಓಎಸ್ ಅನ್ನುವುದಕ್ಕೆ, ವಿಭಾಗದ ಮುಖ್ಯಸ್ಥರೇ ಅಧ್ಯಕ್ಷರು. ವಿಭಾಗದ ಅಧ್ಯಾಪಕರ ಜೊತೆಗೆ ಮಾತೃ ವಿಶ್ವವಿದ್ಯಾಲಯದ (ಕಾಲೇಜು ಸಂಯೋಜನೆಗೊಂಡಿರುವ ವಿಶ್ವವಿದ್ಯಾಲಯದ) ಹೊರಗಿನ ಇಬ್ಬರು ವಿಷಯತಜ್ಞರು, ಉದ್ಯಮದವರೊಬ್ಬರು, ಹಳೆಯ ವಿದ್ಯಾರ್ಥಿಯೊಬ್ಬರು ಇರಬೇಕು. ಇನ್ನೊಬ್ಬರನ್ನು ಕುಲಪತಿಗಳು ನೇಮಿಸುತ್ತಾರೆ, ಪ್ರಾಂಶುಪಾಲರು ಕಳಿಸಿದ ಆರು ಹೆಸರುಗಳಿಂದ. ಆರು! ನಾನು ನಾಲ್ಕು ಕಳಿಸಿದೆ. ಉಳಿದಿಬ್ಬರ ಒಪ್ಪಿಗೆ ಬಂದಿರಲಿಲ್ಲ, ನಾಲ್ಕು ಸಾಕಾದೀತು ಅಂದುಕೊಂಡೆ. ಕಡತ ವಿಶ್ವವಿದ್ಯಾಲಯದಲ್ಲೇ ಮಲಗಿತು. ಸಭೆಯ ದಿನ ಹತ್ತಿರ ಬಂತು. ಹೇಗಿದ್ದರೂ ಮೊದಲ ಹೆಸರಿನವರನ್ನೇ ನೇಮಿಸುತ್ತಾರೆ ಎಂದು ಅವರಿಗೆ ಫೋನ್ ಮಾಡಿ ಕರೆಸಿದೆ. ಅವರ ಸಹಿಯ ಮುಂದೆ “ಕುಲಪತಿಗಳ ನಾಮನಿರ್ದೇಶಿತರು” ಎಂದು ಟೈಪ್ ಮಾಡಿಸಿದೆ.

ಬಿಓಎಸ್ ಪ್ರಸ್ತಾವಕ್ಕೆ ಒಪ್ಪಿಗೆ ಕೊಡಬೇಕಾದದ್ದು ಕಾಲೇಜಿನ ವಿದ್ಯಾವಿಷಯಕ ಪರಿಷತ್ತು, ಅದರಲ್ಲಿ ವಿಶ್ವವಿದ್ಯಾಲಯದ ಮೂವರು ಪ್ರತಿನಿಧಿಗಳು ಕೂರುತ್ತಾರೆ. ಅವರಲ್ಲೊಬ್ಬರು ಪಠ್ಯಕ್ರಮ ಮುಟ್ಟಲೇ ಇಲ್ಲ. ನಾಮನಿರ್ದೇಶನದ ಆದೇಶ ಸಂಖ್ಯೆ, ದಿನಾಂಕ ಕೇಳಿದರು. ನನ್ನ ಬಳಿ ಇದ್ದದ್ದು ಫೋನ್ ನಂಬರು. ಪ್ರಸ್ತಾವವನ್ನು ಮರುಪರಿಶೀಲನೆಗೆ ಹಿಂದಿರುಗಿಸುವ ಅಥವಾ ಕಾರಣ ಕೊಟ್ಟು ತಳ್ಳಿಹಾಕುವ ಅಧಿಕಾರ ಪರಿಷತ್ತಿಗಿದೆ, ನಮ್ಮದು ಹಿಂದಿರುಗಿತು. ಅಷ್ಟರಲ್ಲಿ ತರಗತಿ ನಡೆಯುತ್ತಿತ್ತು. ಪರಿಷತ್ತಿನ ನಿರ್ಣಯ ಸಂಖ್ಯೆ ಇಲ್ಲದೆ ಪರೀಕ್ಷಾ ನಿಯಂತ್ರಕರು ಪೇಪರ್ ಕೋಡ್ ಕೊಡಲಿಲ್ಲ. ಆರನೇ ವಾರದಲ್ಲಿ ಮಕ್ಕಳನ್ನು ಹಳೆಯ ಐಚ್ಛಿಕಕ್ಕೆ ದಾಟಿಸಬೇಕಾಯಿತು.

ಬಂದವರು ಅರ್ಹರೇ ತಾನೇ ಎಂದು ಆಗ ವಾದಿಸಿದ್ದೆ. ಅರ್ಹತೆ ವ್ಯಕ್ತಿಯದು, ಸ್ಥಾನ ಆದೇಶದ್ದು. ಆ ಸ್ಥಾನ ಖಾಲಿ ಇದೆ, ಪತ್ರ ಬರೆದಿದ್ದೇವೆ ಎಂದು ನಡಾವಳಿಯಲ್ಲಿ ನಿಜ ಬರೆದಿದ್ದರೆ ಕನಿಷ್ಠ ಸಮಜಾಯಿಷಿ ಕೊಡಬಹುದಿತ್ತು. ಇಲ್ಲದ ನೇಮಕವನ್ನು ದಾಖಲಿಸಿದ್ದಕ್ಕೆ ಯಾವ ಸಮಜಾಯಿಷಿಯೂ ಇರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಸ್ವಾಯತ್ತತೆ ಬಂದರೆ ಪಠ್ಯಕ್ರಮವೂ ಪರೀಕ್ಷೆಯೂ ನಿಮ್ಮವಾಗುತ್ತವೆ, ಪದವಿ ಮಾತ್ರ ಈಗಲೂ ವಿಶ್ವವಿದ್ಯಾಲಯದ್ದೇ. ಪ್ರಾಂಶುಪಾಲರು ಪರಿಷತ್ತಿನ ಅಧ್ಯಕ್ಷರು, ಪರಿಷತ್ತೇ ಅಲ್ಲ. ಅವರ ಹೂಂಕಾರಕ್ಕೆ ನಿರ್ಣಯ ಸಂಖ್ಯೆ ಇರುವುದಿಲ್ಲ.

ಜೂನ್‌ನಿಂದ ಹಿಂದಕ್ಕೆ ಎಣಿಸಿ. ಪರಿಷತ್ತು ಏಪ್ರಿಲ್‌ನಲ್ಲಿ, ಬಿಓಎಸ್ ಫೆಬ್ರವರಿಯಲ್ಲಿ ಆಗಬೇಕು. ಆರು ಹೆಸರಿನ ಪತ್ರ ಅದಕ್ಕೂ ಮೊದಲು ಅಕ್ಟೋಬರ್‌ನಲ್ಲೇ ಕುಲಸಚಿವರ ಕಚೇರಿ ಸೇರಬೇಕು. ಎಂಟು ಜನರ ಒಪ್ಪಿಗೆ ತರಿಸಿಕೊಂಡು ಆರು ಹೆಸರು ಕಳಿಸಿ. ಹುದ್ದೆ, ವಿಷಯ, ಸಂಸ್ಥೆ, ಫೋನ್ ಎಲ್ಲವೂ ಇರಲಿ. ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಟಪಾಲು ಕೌಂಟರ್ ಬಿಡಬೇಡಿ.

ನಡಾವಳಿಯಲ್ಲಿ ಬರೀ “ಚರ್ಚಿಸಿ ಒಪ್ಪಲಾಯಿತು” ಅಂದರೆ ಪ್ರಯೋಜನವಿಲ್ಲ. ಯಾವ ಪತ್ರಿಕೆ ಹೋಯಿತು, ಯಾವುದು ಬಂತು, ಕ್ರೆಡಿಟ್ ಎಷ್ಟು, ವಾರಕ್ಕೆ ಎಷ್ಟು ಗಂಟೆ, ಆಂತರಿಕ ಅಂಕ ಎಷ್ಟು, ಎಲ್ಲಕ್ಕಿಂತ ಮುಖ್ಯವಾಗಿ ಯಾವ ಸಾಲಿನ ಪ್ರವೇಶದವರಿಂದ ಜಾರಿ. ಈ ಕೊನೆಯದನ್ನು ಬಿಟ್ಟರೆ, ಹಳೆಯ ಪತ್ರಿಕೆಯಲ್ಲಿ ಫೇಲಾದವರು ಮತ್ತೆ ಪರೀಕ್ಷೆ ಕಟ್ಟುವಾಗ ಯಾವ ಪ್ರಶ್ನೆಪತ್ರಿಕೆ ಕೊಡಬೇಕೆಂಬ ರಗಳೆ ಶುರುವಾಗುತ್ತದೆ. ಪ್ರಯೋಗಾಲಯಕ್ಕೆ ದುಡ್ಡು ಬೇಕಿದ್ದರೆ ಹಣಕಾಸು ಸಮಿತಿಗೆ ಪ್ರತ್ಯೇಕ ಟಿಪ್ಪಣಿ ಹೋಗಲಿ, ಬಿಓಎಸ್ ನಡಾವಳಿಯಲ್ಲಿ ತುರುಕಬೇಡಿ.

ಈಗಾಗಲೇ ಮಾರ್ಚ್ ಅಂದಿದ್ದೀರಿ, ಬಿಓಎಸ್ ಸಭೆಯೇ ಆಗಿಲ್ಲ. ಈ ಜೂನ್ ಬಿಟ್ಟುಬಿಡಿ. ನಾಮನಿರ್ದೇಶಿತ ಸದಸ್ಯರ ಅವಧಿ ಮೂರು ವರ್ಷ. ನಿಮ್ಮ ಮಂಡಳಿಯವರ ಆದೇಶಗಳ ದಿನಾಂಕ ಮೊದಲು ನೋಡಿ. 2023ರಲ್ಲಿ ನಿಯಮಾವಳಿ ಹೊಸದಾಗಿದೆ, ಕಚೇರಿಯ ಕಡತದಲ್ಲಿ ಯಾವುದರ ಪ್ರತಿ ಇದೆ ಎಂಬುದನ್ನೂ.