ಸ್ಕ್ಯಾನ್ ಸರಿಯಿದೆ, ನೋವೂ ನಿಜ

ಬದಿಯಡ್ಕದ ಓದುಗರೊಬ್ಬರು ಕೇಳಿದ್ದಾರೆ: "ಅತ್ತೆಗೆ 57 ವರ್ಷ. ಮೂರು ವರ್ಷದಿಂದ ಎದೆಯುರಿ, ಬೆನ್ನುನೋವು, ಪಾದದಲ್ಲಿ ಜುಮುಜುಮು. ಸ್ಕ್ಯಾನಿನಲ್ಲಿ ಏನೂ ಇಲ್ಲ. ಮಂಗಳೂರಿನ ಒಬ್ಬ ಡಾಕ್ಟರರ ಚೀಟಿಯಲ್ಲಿ 'ಎಫ್45.0' ಎಂದಿದೆ, ಇನ್ನೊಬ್ಬರದರಲ್ಲಿ 'ಸೊಮ್ಯಾಟಿಕ್ ಸಿಂಪ್ಟಮ್ ಡಿಸಾರ್ಡರ್'. ಯಾವುದು ಸರಿ? ಅತ್ತೆ ನಾಟಕ ಮಾಡುತ್ತಿದ್ದಾರೆ ಎಂದೇ?"

ಎರಡೂ ಸರಿಯಿರಬಹುದು, ಅವರಿಬ್ಬರು ನೋಡಿದ ಪುಸ್ತಕ ಬೇರೆ ಬೇರೆ. ಎಫ್45.0 ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಾದ ಐಸಿಡಿ-10ರಲ್ಲಿ "ಸೊಮಟೈಸೇಷನ್ ಡಿಸಾರ್ಡರ್"ನ ಸಂಖ್ಯೆ. ಕನಿಷ್ಠ ಎರಡು ವರ್ಷ ಬದಲಾಗುತ್ತಲೇ ಇರುವ ಹಲವು ತೊಂದರೆಗಳು, ಅವಕ್ಕೆ ತಕ್ಕ ದೈಹಿಕ ಕಾರಣ ಸಿಗದಿರುವುದು, "ಏನೂ ಇಲ್ಲ" ಎಂಬ ಮಾತು ಒಪ್ಪಿಗೆಯಾಗದಿರುವುದು, ದಿನದ ಕೆಲಸಕ್ಕೆ ತೊಡಕು, ಇಷ್ಟೂ ಸೇರಬೇಕು.

ಇನ್ನೊಂದು ಹೆಸರು ಅಮೆರಿಕದ ಮನೋವೈದ್ಯರ ಸಂಘದ ಮನೋರೋಗಗಳ ಕೈಪಿಡಿ ಡಿಎಸ್‌ಎಂ-5ರದು (2013). ಅದರ ಹಿಂದಿನ ಆವೃತ್ತಿ (1994) ಲೆಕ್ಕ ಹಾಕುತ್ತಿತ್ತು: ನಾಲ್ಕು ಕಡೆ ನೋವು, ಹೊಟ್ಟೆಯ ಎರಡು ತೊಂದರೆ, ಲೈಂಗಿಕ ತೊಂದರೆ ಒಂದು, ನರರೋಗದಂತೆ ಕಾಣುವುದು ಒಂದು, ಅದೂ 30 ವರ್ಷದೊಳಗೆ ಶುರುವಾಗಿರಬೇಕು. ನಿಮ್ಮ ಅತ್ತೆ ಅದರಲ್ಲಿ ಪಾಸಾಗುತ್ತಿರಲಿಲ್ಲ! ಡಿಎಸ್‌ಎಂ-5ರಲ್ಲಿ ಬಾಧಿಸುವ ಒಂದೇ ಲಕ್ಷಣ ಸಾಕು, ಜೊತೆಗೆ ನಿಜವಾದ ಕಾಯಿಲೆಯಿದ್ದರೂ ಅಡ್ಡಿಯಿಲ್ಲ. ಆ ಲಕ್ಷಣದ ಬಗ್ಗೆ ಅಳತೆಮೀರಿದ ಯೋಚನೆ, ಇಳಿಯದ ಆತಂಕ, ಅದಕ್ಕಾಗಿಯೇ ವಿಪರೀತ ಸಮಯ ಸುರಿಯುವುದು, ಇವುಗಳಲ್ಲಿ ಒಂದಾದರೂ ಇದ್ದು, ಸಾಮಾನ್ಯವಾಗಿ ಆರು ತಿಂಗಳು ದಾಟಿರಬೇಕು. ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ನಮ್ಮ ಕಾಸರಗೋಡು ಜಿಲ್ಲೆಯವರು "ಕಾರಣ ಸಿಗಲಿಲ್ಲ, ಹಾಗಾಗಿ ಮನಸ್ಸಿನದು" ಎಂಬ ತೀರ್ಪನ್ನು ಸುಲಭಕ್ಕೆ ಒಪ್ಪುವವರಲ್ಲ. ಡಿಎಸ್‌ಎಂ-5 ಆ ತರ್ಕವನ್ನು ಕೈಬಿಟ್ಟದ್ದು ಒಳ್ಳೆಯದೇ ಆಯಿತು. ಆದರೆ "ಅಳತೆಮೀರಿದ" ಎಂದು ಹೇಳುವವರು ಯಾರು? ಕ್ಯಾನ್ಸರ್ ಇರುವವರ ಸಹಜ ಚಿಂತೆಗೂ ಈ ಹೆಸರು ಅಂಟುವ ಭಯವಂತೂ ಇದೆ.

2022ರ ಜನವರಿ 1ರಿಂದ ಜಾರಿಗೆ ಬಂದ ಐಸಿಡಿ-11 ಕೂಡ ಇದೇ ದಾರಿ ಹಿಡಿದಿದೆ. ಅಲ್ಲಿ ಹೆಸರು "ಬಾಡಿಲಿ ಡಿಸ್ಟ್ರೆಸ್ ಡಿಸಾರ್ಡರ್", ಸಂಖ್ಯೆ 6ಸಿ20. ಒತ್ತಡದಿಂದ ಉಬ್ಬಸ ಹೆಚ್ಚುವಂಥದ್ದು ಬೇರೆಯೇ ವಿಷಯ. ಐಸಿಡಿ-10ರಲ್ಲಿ ಅದಕ್ಕೆ ಎಫ್54, ಮೂಲ ಕಾಯಿಲೆಯ ಸಂಖ್ಯೆಯ ಜೊತೆಗೇ ಬರೆಯುತ್ತಾರೆ.

ನಾಟಕವೇ? ಅಲ್ಲ. ಬೇಕೆಂದೇ ಕಾಯಿಲೆ ನಟಿಸುವುದಕ್ಕೆ "ಫ್ಯಾಕ್ಟಿಷಿಯಸ್ ಡಿಸಾರ್ಡರ್" ಎಂಬ ಬೇರೆ ಹೆಸರಿದೆ. ರಜೆಗೋ ಪರಿಹಾರದ ಹಣಕ್ಕೋ ನಟಿಸಿದರೆ ಅದು ಕಾಯಿಲೆಯೇ ಅಲ್ಲ.

ನಿಮ್ಮ ಪತ್ರದಲ್ಲಿ ನಮಗೆ ಚುಚ್ಚಿದ್ದು ಪಾದದ ಜುಮುಜುಮು. ಸ್ಕ್ಯಾನಿನಲ್ಲಿ ಅದರ ಕಾರಣ ಸಿಗದೆಯೂ ಇರಬಹುದು. ಸಕ್ಕರೆ, ಥೈರಾಯ್ಡ್, ಬಿ12 ನೋಡಿದ್ದಾರೆಯೇ? ಎದೆಯುರಿಗೆಂದು ಪ್ಯಾಂಟೊಪ್ರಜೋಲಿನಂಥ ಗ್ಯಾಸಿನ ಮಾತ್ರೆಯನ್ನೋ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನನ್ನೋ ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಕುಸಿಯುವುದುಂಟು. ಖಿನ್ನತೆಯೂ ಮೈಕೈ ನೋವಾಗಿ ಬರುತ್ತದೆ. ನಿದ್ದೆ, ಹಸಿವು, ಬೇಸರ ಹೇಗಿವೆ ಎಂದು ಯಾರಾದರೂ ಕೇಳಿದ್ದಾರೆಯೇ ವಿಚಾರಿಸಿ.

ಇಷ್ಟಾದ ಮೇಲೆ ಡಾಕ್ಟರರನ್ನು ಬದಲಿಸುತ್ತಾ ಹೋಗಬೇಡಿ. ಒಬ್ಬರನ್ನೇ ಹಿಡಿದು, ನೋವು ಹೆಚ್ಚಲಿ ಬಿಡಲಿ, ತಿಂಗಳಿಗೊಮ್ಮೆ ಗೊತ್ತಾದ ದಿನ ಕರೆದುಕೊಂಡು ಹೋಗಿ. ಹಳೆಯ ರಿಪೋರ್ಟುಗಳನ್ನು ತಾರೀಕಿನ ಪ್ರಕಾರ ಒಂದೇ ಫೈಲಿನಲ್ಲಿಡಿ, ಎರಡೂ ಚೀಟಿ ಮೇಲಿರಲಿ. —ಸಂ.