ನೇಗಿಲು ಹೊಡೆಯದೆ ಗೋಧಿ ಬಿತ್ತಿದರೆ ಇಳುವರಿ ಇಳಿದು ಕಸ ಏರುತ್ತದೆಯೇ?

ಹೊಲದಲ್ಲಿ ಹೊಟ್ಟು, ಕೂಳೆ ಉಳಿಸುತ್ತೀರಾ? ಉತ್ತರ ನಿಂತಿರುವುದು ಅದರ ಮೇಲೆ.

ನಾನು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ರೈತ. ಎರೆ ಹೊಲ, ಹಿಂಗಾರಿಗೆ ಜೋಳ, ಕಡಲೆ, ನೀರಿದ್ದಲ್ಲಿ ಗೋಧಿ. ನಮ್ಮ ಕಡೆ ಜೋಳದ ಕಣಿಕೆಯೆಲ್ಲ ದನಗಳ ಪಾಲು, ಬರ ಬಿದ್ದ ವರ್ಷವಂತೂ ಹೊಲದಲ್ಲಿ ಕಡ್ಡಿಯೂ ಉಳಿಯದು. ಹೀಗೆ ಬೋಳಾದ ನೆಲದಲ್ಲಿ ಉಳುಮೆಯನ್ನೂ ಬಿಟ್ಟರೆ ಮೇಲ್ಮಣ್ಣು ಬಿಗಿಯುತ್ತದೆ, ಬಿರುಕಿನಿಂದ ತೇವ ಆರುತ್ತದೆ, ಕಸಕ್ಕೆ ತಡೆಯೇ ಇರುವುದಿಲ್ಲ. 63 ದೇಶಗಳ 610 ಅಧ್ಯಯನಗಳನ್ನು ಒಟ್ಟಿಗೆ ತೂಗಿದ ವಿಶ್ಲೇಷಣೆಯೊಂದು 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಎಲ್ಲ ಬೆಳೆ ಸೇರಿ, ಉಳುಮೆ ಬಿಟ್ಟಲ್ಲಿ ಇಳುವರಿ ಸರಾಸರಿ ಶೇ 5.7 ಕಡಿಮೆ. ಒಣ ಸೀಮೆಯ ಮಳೆಯಾಶ್ರಿತ ಹೊಲದಲ್ಲಿ ಹೊಟ್ಟು ಹೊದಿಸಿ, ಬೆಳೆಯನ್ನೂ ಬದಲಿಸಿದಲ್ಲಿ ಮಾತ್ರ ಶೇ 7.3 ಹೆಚ್ಚು! ನಮ್ಮಂಥವರು ಗಮನಿಸಬೇಕಾದ ಅಂಕಿ ಇದೇ.

ಕಸದ ವಿಷಯದಲ್ಲಿ ಯಾವ ಕಸ ಎಂದು ಮೊದಲು ನೋಡಿ. ನೇಗಿಲು ಈ ವರ್ಷದ ಬೀಜವನ್ನು ಹೂಳಿ ಹಳೆಯದನ್ನು ಮೇಲೆ ತರುತ್ತದೆ. ಉಳದಿದ್ದರೆ ಬೀಜ ಮೇಲೆಯೇ ಬಿದ್ದಿರುತ್ತದೆ, ಕೆಲವನ್ನು ಇರುವೆ ಒಯ್ಯುತ್ತವೆ, ಮೊಳೆತದ್ದನ್ನು ಬಿತ್ತುವ ಮೊದಲೇ ತೆಗೆಯಬಹುದು. 1990ರ ದಶಕದಲ್ಲಿ ಹರಿಯಾಣದಲ್ಲಿ ಗುಲ್ಲಿ ದಂಡಾ ಎಂಬ ಕಸ ಐಸೊಪ್ರೊಟ್ಯೂರಾನ್ ಔಷಧಿಗೆ ಬಗ್ಗದಾಯಿತು. ಭತ್ತ ಕೊಯ್ದ ಗದ್ದೆಗೆ ಉಳದೆ ಗೋಧಿ ಬಿತ್ತಿದವರಿಗೆ ಅದರ ಕಾಟ ಇಳಿಯಿತು, ಬಿತ್ತನೆಯೂ ಬೇಗ ಮುಗಿಯಿತು. ಆದರೆ ಕರಿಕೆ, ಜೇಕು ಬೇರು-ಗೆಡ್ಡೆಯಿಂದ ಹಬ್ಬುವಂಥವು, ಉಳದ ಹೊಲದಲ್ಲಿ ಅವುಗಳದೇ ರಾಜ್ಯ. ಅವು ಇದ್ದರೆ ಬೇಸಿಗೆಯಲ್ಲಿ ಒಮ್ಮೆ ಆಳವಾಗಿ ಉತ್ತು, ಗೆಡ್ಡೆ ಬಿಸಿಲಿಗೆ ಒಣಗಿಸಿ ಆರಿಸಿ ಹಾಕಿ. ನೇಗಿಲು ಬಿಡುವ ಯೋಚನೆ ಆಮೇಲಿನದು.

ಗೋಧಿ, ಜೋಳದ ಹೊಟ್ಟು ಹೊದಿಸಿದಾಗ ಎಳೆ ಪೈರು ಹಳದಿ ತಿರುಗಬಹುದು, ಏಕೆಂದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಹೀರಿಕೊಳ್ಳುತ್ತವೆ. ಗೊಬ್ಬರವನ್ನು ಹೊಟ್ಟಿನ ಮೇಲೆ ಎರಚದೆ ಕೂರಿಗೆಯಲ್ಲೇ ಬೀಜದ ಪಕ್ಕ, ಕೆಳಗೆ ಬೀಳಿಸಿ. ಮೇಲುಗೊಬ್ಬರ 21ನೇ ದಿನದ ನೀರಿನ ಹೊತ್ತಿಗೆ ಕೊಡಿ.

ದನ ಇಟ್ಟುಕೊಂಡವರಿಗೆ ಕಣಿಕೆ ಬಿಡಿ ಎನ್ನಲಾರೆ. ಸೋಯಾ ರಾಶಿಯ ಹೊಟ್ಟನ್ನಾದರೂ ಸುಡದೆ ಹೊಲಕ್ಕೆ ಹರಡಿ. ಬಿತ್ತಿದ ಮೇಲೆ 100 ಗಂಟು ಹಾಕಿದ ಹಗ್ಗವನ್ನು ಸಾಲಿಗೆ ಓರೆಯಾಗಿ ಎಳೆದು, ಎಷ್ಟು ಗಂಟಿನ ಕೆಳಗೆ ಹೊಟ್ಟಿದೆ ಎಣಿಸಿ. 30ಕ್ಕಿಂತ ಕಡಿಮೆ ಬಂದರೆ ಹೊದಿಕೆ ಸಾಲದು, ಮುಂದಿನ ಹಂಗಾಮಿಗೆ ಕುಂಟೆ ಹೊಡೆದೇ ಬಿತ್ತುವುದು ಲೇಸು.